ಕ್ಯಾರವಾನಿನ ಬಲ್ಬ್ ಬದಲಿಸುವಾಗ: 12 ವೋಲ್ಟ್ ಅಂದರೆ 12 ಅಲ್ಲ

ಹೋದ ಡಿಸೆಂಬರ್‌ನಲ್ಲಿ ನನ್ನ ಶೆಡ್ಡಿಗೆ ಒಂದು ಕ್ಯಾರವಾನ್ ಬಂತು. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ್ದು. ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋಗಿದ್ದರಂತೆ. ಸಂಜೆ ಲೈಟ್ ಹಾಕಿ, ಅಡುಗೆ ಮಾಡಿ, ಇಸ್ಪೀಟಾಡಿ, ಹನ್ನೆರಡಕ್ಕೆ ಮಲಗಿದ್ದಾರೆ. ಬೆಳಗ್ಗೆ ಎದ್ದರೆ ನೀರಿನ ಪಂಪ್ ಓಡುತ್ತಿಲ್ಲ, ಫ್ರಿಜ್ ನಿಂತು ಹಾಲು ಒಡೆದಿದೆ. "ಬ್ಯಾಟರಿ ಹಾಕಿಸಿ ಆರು ತಿಂಗಳಾಗಿಲ್ಲ ಸಾರ್, ಯಾವುದೋ ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ" ಅಂತ ಓನರ್ ಸಿಟ್ಟಿನಲ್ಲಿದ್ದರು. ಚೆಕ್ ಮಾಡಿದೆ. ಬ್ಯಾಟರಿ ಚೆನ್ನಾಗೇ ಇತ್ತು. ಮೇಲೆ ಕೈ ತೋರಿಸಿ, "ಸ್ವಲ್ಪ ಆ ಬಲ್ಬ್‌ಗಳನ್ನು ಎಣಿಸಿ ಸಾರ್" ಅಂದೆ.

ಸೀಲಿಂಗ್‌ನಲ್ಲಿ ಎಂಟು ಪುಟ್ಟ ಹ್ಯಾಲೊಜೆನ್, ಒಂದೊಂದು 10 ವ್ಯಾಟ್. ಜೊತೆಗೆ ಎರಡು ರೂಫ್ ಲೈಟ್, ಅವೂ 10 ವ್ಯಾಟ್‌ನವು. ಒಟ್ಟು 100 ವ್ಯಾಟ್, 12 ವೋಲ್ಟಿನಿಂದ ಭಾಗಿಸಿದರೆ ಎಂಟು ಆಂಪಿಯರ್ ಚಿಲ್ಲರೆ. ಆರು ಗಂಟೆ ಉರಿದರೆ 50 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಹೋಯಿತು. ಇದ್ದದ್ದು 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಮಲಗುವ ಹೊತ್ತಿಗೇ ಆ ಅರ್ಧ ಮುಗಿದಿತ್ತು. ಮಿಕ್ಕಿದ್ದನ್ನು ಫ್ರಿಜ್ ತಿಂದಿತು. ಅದೇ ಹತ್ತು ಬಲ್ಬ್‌ಗಳ ಜಾಗಕ್ಕೆ ಎಲ್‌ಇಡಿ ಹಾಕಿದ ಮೇಲೆ ಮೀಟರ್ ಇಟ್ಟು ನೋಡಿದರೆ ಎಲ್ಲ ಸೇರಿ ಒಂದೂಕಾಲು ಆಂಪಿಯರ್. ಆರು ಗಂಟೆಗೆ ಎಂಟು ಆಂಪಿಯರ್-ಅವರ್ ಕೂಡ ಆಗುವುದಿಲ್ಲ.

ಇಷ್ಟು ಕೇಳಿದವರು ಸೀದಾ ಅಂಗಡಿಗೆ ಓಡುತ್ತಾರೆ. ಅಲ್ಲೇ ಎಡವಟ್ಟು ಶುರುವಾಗುವುದು.

ಮನೆಯ ಶೋಕೇಸಿಗೆ ಹಾಕುವ ಎರಡು ಪಿನ್ನಿನ ಎಲ್‌ಇಡಿ ಇದೆಯಲ್ಲ, ಜಿ4 ಅನ್ನುತ್ತಾರೆ, ಅದರ ಮೇಲೂ 12 ವೋಲ್ಟ್ ಅಂತಲೇ ಬರೆದಿರುತ್ತದೆ. ಕ್ಯಾರವಾನಿನ ಹೋಲ್ಡರಿಗೆ ಸರಿಯಾಗಿ ಕೂರುತ್ತದೆ, ಚೆನ್ನಾಗಿ ಉರಿಯುತ್ತದೆ. ಮೂರು ತಿಂಗಳಲ್ಲಿ ಒಂದೊಂದೇ ಮಿಣುಕಲು ಶುರು. ಯಾಕೆ ಅಂದರೆ, ಮನೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೊಡುವ 12 ಹೆಚ್ಚುಕಡಿಮೆ 12 ಆಗಿಯೇ ಇರುತ್ತದೆ. ಗಾಡಿಯಲ್ಲಿ ಹಾಗಲ್ಲ. ತುಂಬಿದ ಬ್ಯಾಟರಿ 12.6 ಇರುತ್ತದೆ, ರಾತ್ರಿಯೆಲ್ಲ ಉರಿಸಿದ ಮೇಲೆ 12ರ ಹತ್ತಿರ ಬರುತ್ತದೆ, ಎಂಜಿನ್ ಸ್ಟಾರ್ಟ್ ಮಾಡಿದರೆ ಆಲ್ಟರ್ನೇಟರ್ ಅದನ್ನು 14ರ ಮೇಲೆ ಒಯ್ಯುತ್ತದೆ, ಎಲ್ಲಾದರೂ ನಿಲ್ಲಿಸಿ ಚಾರ್ಜರ್ ಹಾಕಿದರೆ 14.4. ಹಳೇ ಫಿಲಮೆಂಟ್ ಬಲ್ಬ್ ಈ ಏರಿಳಿತವನ್ನು ಹೇಗೋ ತಡೆದುಕೊಳ್ಳುತ್ತಿತ್ತು. ಸ್ವಲ್ಪ ಜಾಸ್ತಿ ಬೆಳಗುತ್ತಿತ್ತು, ಅಷ್ಟೇ.

ಅಗ್ಗದ ಎಲ್‌ಇಡಿಯೊಳಗೆ ಏನಿದೆ ಅಂತ ಒಂದನ್ನು ಬಿಚ್ಚಿ ನೋಡಿ. ಬೆಳಕು ಕೊಡುವ ಮೂರು ಮೂರು ಚಿಪ್ ಸಾಲಾಗಿ, ಪ್ರತಿ ಸಾಲಿಗೂ ಕರೆಂಟಿಗೆ ತಡೆ ಹಾಕಲು ಅಕ್ಕಿಕಾಳಿಗಿಂತ ಚಿಕ್ಕ ಒಂದು ರೆಸಿಸ್ಟರ್. ಮೂರು ಚಿಪ್ ಸೇರಿ ಸುಮಾರು 9.3 ವೋಲ್ಟ್ ಹಿಡಿದುಕೊಳ್ಳುತ್ತವೆ. 12 ಬಂದರೆ ರೆಸಿಸ್ಟರಿನ ಪಾಲಿಗೆ 2.7 ಉಳಿಯುತ್ತದೆ. 14.4 ಬಂದರೆ ಅದೇ 5.1 ಆಗುತ್ತದೆ. ರೆಸಿಸ್ಟರಿನ ಪಾಲು ಏರಿದಷ್ಟೇ ಕರೆಂಟೂ ಏರುತ್ತದೆ. ಒಳಗೆ ಬಂದ ವೋಲ್ಟೇಜ್ ಹೆಚ್ಚಿದ್ದು ಐದರಲ್ಲಿ ಒಂದು ಪಾಲು ಮಾತ್ರ, ಆದರೆ ಹರಿಯುವ ಕರೆಂಟ್ ಹತ್ತಿರ ಹತ್ತಿರ ಎರಡರಷ್ಟು. ಬಿಸಿಯಾಗದೆ ಇನ್ನೇನಾಗುತ್ತದೆ? ಚಾರ್ಜರ್ ಹಾಕಿದ ಗಾಡಿಯಲ್ಲಿ ಇಂಥ ಬಲ್ಬನ್ನು ಹತ್ತು ನಿಮಿಷ ಉರಿಸಿ ಬೆರಳಿಟ್ಟು ನೋಡಿದ್ದೇನೆ, ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು.

ಹಾಗಾಗಿ ಅಂಗಡಿಯಲ್ಲಿ ಎಷ್ಟು ವ್ಯಾಟ್, ಎಷ್ಟು ಬೆಳಕು ಅಂತ ಆಮೇಲೆ ಕೇಳಿ. ಮೊದಲು ಪ್ಯಾಕೆಟ್ ಮೇಲೆ "10–30 ವೋಲ್ಟ್ ಡಿಸಿ" ಅಂತಲೋ "9–30" ಅಂತಲೋ ಇದೆಯಾ ನೋಡಿ. ಇದ್ದರೆ ಒಳಗೆ ಡ್ರೈವರ್ ಸರ್ಕ್ಯೂಟ್ ಇದೆ, ಹೊರಗೆ ಎಷ್ಟೇ ಏರಿಳಿದರೂ ಚಿಪ್‌ಗೆ ಹೋಗುವ ಕರೆಂಟ್ ಒಂದೇ ಸಮ ಇರುತ್ತದೆ ಅಂತ ಅರ್ಥ. ದುಡ್ಡು ಜಾಸ್ತಿ, ನಿಜ. ಆದರೆ ಸುಮ್ನೆ ಎರಡೆರಡು ಸಲ ಸೀಲಿಂಗ್ ಬಿಚ್ಚುವುದು ತಪ್ಪುತ್ತದೆ. ಇನ್ನೊಂದು ಮಾತು. ಬಸ್ಸಿನ ಮೇಲೆ ಕಟ್ಟಿಸಿದ ಕ್ಯಾರವಾನ್ ಆದರೆ ಅದರ ಚಾಸಿ 24 ವೋಲ್ಟಿನದ್ದಿರಬಹುದು, ಒಳಗಿನ ವೈರಿಂಗ್ 12 ಇರಬಹುದು. ಎರಡೂ ಕಡೆ ಮೀಟರ್ ಇಟ್ಟು ನೋಡದೆ ಬಲ್ಬ್ ಕೊಳ್ಳಬೇಡಿ.

ಹಳೇ ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬಾಯಲ್ಲಿ ವಿವರಿಸುತ್ತಾ ನಿಂತರೆ ಅರ್ಧ ದಿನ ಹೋಗುತ್ತದೆ. ರೂಫ್ ಲೈಟಿನ ಉದ್ದನೆಯ ಬಲ್ಬ್ 31, 36, 41 ಮಿಲಿಮೀಟರ್ ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ಕ್ಯಾಪ್‌ಲೆಸ್ ಬಲ್ಬ್, ಅದೇ ನಂಬರ್ ಪ್ಲೇಟಿಗೆ ಹಾಕುವ 5 ವ್ಯಾಟಿನದು, ಟಿ10 ಅಂದರೆ ಸಿಗುತ್ತದೆ. ಹಾಕಿದ ಮೇಲೆ ಉರಿಯಲಿಲ್ಲ ಅಂತ ವಾಪಸ್ ಕೊಡಲು ಹೋಗಬೇಡಿ, ತಿರುಗಿಸಿ ಹಾಕಿ. ಫಿಲಮೆಂಟಿಗೆ ಪ್ಲಸ್ ಮೈನಸ್ ಇರಲಿಲ್ಲ, ಎಲ್‌ಇಡಿಗೆ ಇದೆ.

ಬಣ್ಣದ ವಿಷಯದಲ್ಲಿ ನನ್ನದೊಂದು ಹಟ. ಒಳಗೆ 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟು ಹಳದಿ) ಬಿಳಿ ಹಾಕಿಸಿಕೊಂಡವರು ವಾರದಲ್ಲಿ ವಾಪಸ್ ಬರುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಮಲಗಿದ ಹಾಗಾಗುತ್ತದೆ ಅಂತ. ಮಲಗುವ ಜಾಗಕ್ಕೆ 2700ರಿಂದ 3000 ಸಾಕು, ಒಲೆಯ ಮೇಲೆ ಬೇಕಾದರೆ 4000. ಬಾಗಿಲ ಹೊರಗಿನ ಲೈಟಿಗೆ ಹಳದಿಯೇ ಇರಲಿ. ಮಲೆನಾಡಿನಲ್ಲಿ ಮಳೆ ಬಿಟ್ಟ ಸಂಜೆ ಬಿಳಿ ಲೈಟ್ ಹಾಕಿ ಬಾಗಿಲು ತೆಗೆದವರಿಗೆ ಸಾರಿನ ಪಾತ್ರೆಯಲ್ಲಿ ಹುಳ ಹೆಕ್ಕುವುದೇ ಕೆಲಸ.

ಈಗ ಗಾಡಿಯ ಹೊರಗಿನ ಲೈಟ್. ಇಲ್ಲಿ ನನ್ನ ಮಾತು ಸ್ವಲ್ಪ ಬಿಗಿ. ಒಳಗಿನ ಲೈಟ್ ಕೆಟ್ಟರೆ ನಿಮಗೊಬ್ಬರಿಗೇ ತೊಂದರೆ, ಹೊರಗಿನದು ಹಿಂದೆ ಬರುವವರಿಗೆ ಬೇಕಾದದ್ದು.

ಇಂಡಿಕೇಟರಿಗೆ ಎಲ್‌ಇಡಿ ಹಾಕಿದ ತಕ್ಷಣ ಟಿಕ್ ಟಿಕ್ ಅನ್ನುತ್ತಿದ್ದದ್ದು ಟಿಕಟಿಕಟಿಕ ಆಗುತ್ತದೆ. ಕೆಟ್ಟದ್ದು ಏನೂ ಇಲ್ಲ. ಇಂಡಿಕೇಟರನ್ನು ಮಿನುಗಿಸುವ ಫ್ಲಾಶರ್ 21 ವ್ಯಾಟಿನ ಬಲ್ಬ್ ಎಳೆಯುವ ಕರೆಂಟನ್ನು ನೋಡಿಕೊಂಡಿರುತ್ತದೆ, ಅದು ಕಡಿಮೆಯಾದರೆ ಬಲ್ಬ್ ಸುಟ್ಟಿದೆ ಅಂತ ತಿಳಿದು ಬೇಗ ಬೇಗ ಬಡಿದು ಗಾಡಿ ಓಡಿಸುವವನಿಗೆ ಹೇಳುತ್ತದೆ. ತೀರಾ ಹಳೇ ಮಾದರಿಯ ಫ್ಲಾಶರ್ ಆದರೆ ಬಿಸಿಯಾಗಲು ಬೇಕಾದಷ್ಟು ಕರೆಂಟೇ ಸಿಗದೆ ಮಿನುಗುವುದನ್ನೇ ಬಿಡುತ್ತದೆ. ಇದಕ್ಕೆ ಸುಲಭ ಅಂತ ಕೆಲವರು ಹಳೇ ಬಲ್ಬಿನಷ್ಟೇ ಕರೆಂಟ್ ಎಳೆಯಲಿ ಎಂದು 6 ಓಮ್‌ನ ರೆಸಿಸ್ಟರ್ ಜೋಡಿಸುತ್ತಾರೆ. ಒಮ್ಮೆ ಘಾಟಿಯಲ್ಲಿ ಕೆಟ್ಟು ನಿಂತ ಗಾಡಿಯವರು ಎರಡು ಗಂಟೆ ಹಝಾರ್ಡ್ (ಎಲ್ಲ ಇಂಡಿಕೇಟರ್ ಒಟ್ಟಿಗೆ) ಹಾಕಿಟ್ಟಿದ್ದರು. ಆ ರೆಸಿಸ್ಟರನ್ನು ಯಾರೋ ಇನ್ಸುಲೇಶನ್ ಟೇಪಿನಲ್ಲಿ ವೈರಿನ ಕಟ್ಟಿಗೇ ಸುತ್ತಿದ್ದರು. ನನ್ನ ಹತ್ತಿರ ಬಂದಾಗ ಟೇಪೂ ಇಲ್ಲ, ನಾಲ್ಕು ವೈರಿನ ಪ್ಲಾಸ್ಟಿಕ್ಕೂ ಇಲ್ಲ, ಬರೀ ತಾಮ್ರ. ಬಲ್ಬಿನಲ್ಲಿ ಉಳಿಸಿದ ಕರೆಂಟನ್ನೆಲ್ಲ ಪಕ್ಕದಲ್ಲೇ ಸುಡುವುದು ಯಾವ ಲೆಕ್ಕ? ಫ್ಲಾಶರ್ ಬೇರೆಯಾಗಿ ಸಿಗುವ ಗಾಡಿಯಾದರೆ ಎಲ್‌ಇಡಿಗೆ ಆಗುವ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿ, ಕೆಲಸ ಮುಗಿಯಿತು. ಹೊಸ ಗಾಡಿಗಳಲ್ಲಿ ಅದು ಕಂಪ್ಯೂಟರಿನೊಳಗೇ ಇರುತ್ತದೆ. ಅಲ್ಲಿ ಇಂಡಿಕೇಟರಿಗೆ ಫಿಲಮೆಂಟೇ ಇರಲಿ ಅನ್ನುತ್ತೇನೆ. ದಿನಕ್ಕೆ ಎಷ್ಟು ಹೊತ್ತು ಉರಿಯುತ್ತದೆ ಅದು?

ಬ್ರೇಕ್ ಲೈಟಿಗೆ ಎಲ್‌ಇಡಿ ಒಳ್ಳೆಯದೇ. ಫಿಲಮೆಂಟ್ ಕಾದು ಬೆಳಗಲು ಸೆಕೆಂಡಿನ ಐದನೇ ಒಂದು ಭಾಗ ಬೇಕು, ಎಲ್‌ಇಡಿ ಒತ್ತಿದ ಕೂಡಲೇ. 90 ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಅಷ್ಟರಲ್ಲಿ ಐದು ಮೀಟರ್ ಸಿಕ್ಕಿತು. ಆದರೆ ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಬೇಡಿ. ಬಿಳಿ ಎಲ್‌ಇಡಿ ಅಂದರೆ ನೀಲಿ ಬೆಳಕಿನ ಚಿಪ್ ಮೇಲೆ ಹಳದಿ ಲೇಪ, ಅದರ ಬೆಳಕಿನಲ್ಲಿ ಕೆಂಪು ಕಡಿಮೆ. ಗಾಜು ಮಿಕ್ಕಿದ್ದನ್ನೆಲ್ಲ ತಡೆದರೆ ಹೊರಗೆ ಬರುವುದು ಮಂಕು ಗುಲಾಬಿ. ಕೆಂಪು ಗಾಜಿಗೆ ಕೆಂಪು, ಹಳದಿ ಗಾಜಿಗೆ ಹಳದಿ. ಪಾರ್ಕಿಂಗಿಗೂ ಬ್ರೇಕಿಗೂ ಒಂದೇ ಆಗಿರುವ ಡಬಲ್ ಕಾಂಟ್ಯಾಕ್ಟ್ ಬಲ್ಬ್ ಹಾಕಿದ ಮೇಲೆ ರಾತ್ರಿ ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ. ಕೆಲವು ಬಲ್ಬ್‌ಗಳಲ್ಲಿ ಪಾರ್ಕಿಂಗ್ ಬೆಳಕೇ ಎಷ್ಟು ಜೋರು ಅಂದರೆ ಬ್ರೇಕ್ ಒತ್ತಿದ್ದು ಗೊತ್ತೇ ಆಗುವುದಿಲ್ಲ. ಅಂಥದ್ದನ್ನು ಬಿಚ್ಚಿ ಬಿಸಾಕಿ.

ಹೆಡ್‌ಲೈಟ್ ಮುಟ್ಟಬೇಡಿ. ಹ್ಯಾಲೊಜೆನ್‌ಗೆ ಅಂತ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಇಟ್ಟರೆ ಬೆಳಕು ರಸ್ತೆಯ ಬದಲು ಎದುರಿನವನ ಕಣ್ಣಿಗೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಎಫ್‌ಎಂ ಹಾಕಿಕೊಂಡು ಲೈಟುಗಳನ್ನು ಒಂದೊಂದಾಗಿ ಆನ್ ಮಾಡಿ. ಯಾವುದಾದರೂ ಒಂದಕ್ಕೆ ರೇಡಿಯೋ ಗರ್ ಅಂದರೆ ಆ ಬಲ್ಬಿನ ಡ್ರೈವರ್ ಸರಿಯಿಲ್ಲ, ಬದಲಿಸಿಕೊಳ್ಳಿ. ಫ್ಯೂಸ್ ಎಷ್ಟರದ್ದು ಇದೆಯೋ ಅಷ್ಟೇ ಇರಲಿ, ಅದು ಇರುವುದು ವೈರ್ ಕಾಯಲು, ಬಲ್ಬ್ ಕಾಯಲು ಅಲ್ಲ.

ಬಿಚ್ಚಿದ ಹಳೇ ಬಲ್ಬ್‌ಗಳಲ್ಲಿ 21 ವ್ಯಾಟಿನದು ಒಂದನ್ನು ಇಟ್ಟುಕೊಳ್ಳಿ. ಹೋಲ್ಡರ್ ಸಮೇತ ಎರಡು ವೈರ್ ಎಳೆದು ಕ್ಲಿಪ್ ಹಾಕಿ, ಟೆಸ್ಟ್ ಲ್ಯಾಂಪ್ ಆಗುತ್ತದೆ. ಜಂಗು ಹಿಡಿದು ಒಂದೇ ಎಳೆಯಲ್ಲಿ ನಿಂತ ವೈರಿನಲ್ಲೂ ಎಲ್‌ಇಡಿ ನಗುನಗುತ್ತಾ ಉರಿಯುತ್ತದೆ, ಮೀಟರ್ ಕೂಡ 12 ತೋರಿಸುತ್ತದೆ. ಈ ಬಲ್ಬ್ ಮಾತ್ರ ಜಾಸ್ತಿ ಕರೆಂಟ್ ಎಳೆಯುವುದರಿಂದ ಅಲ್ಲಿ ಕೆಂಪಗೆ ಮಂಕಾಗಿಬಿಡುತ್ತದೆ. ನನ್ನ ಟೂಲ್ ಬಾಕ್ಸಿನಲ್ಲಿರುವುದಕ್ಕೆ ಹನ್ನೊಂದು ವರ್ಷ.