ಮುಂಬಯಿಯ ಎಚ್‌ಐವಿ ತಳಿ ಬೇರೆ, ಊರಿನದು ಬೇರೆಯೇ?

ಪ್ರಶ್ನೆ: ಅಂಧೇರಿಯಲ್ಲಿ ಹೋಟೆಲ್ ಕೆಲಸ. ಎರಡು ವರ್ಷದಿಂದ ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ತಗೊಳ್ತಿದ್ದೇನೆ. ಈಗ ವಿಜಯಪುರಕ್ಕೆ ವಾಪಸ್ ಹೋಗಬೇಕು. ಮುಂಬಯಿ ವೈರಸ್ಸಿನ ತಳಿ ಬೇರೆ, ಊರಿನ ಗುಳಿಗೆ ಅದಕ್ಕೆ ನಾಟೋದಿಲ್ಲ ಅಂತಾರೆ. ನಿಜವೇ?

ನಿಜವಲ್ಲ, ಧೈರ್ಯವಾಗಿ ಹೋಗಿ. ಮುಂಬಯಿ, ಪುಣೆ, ವಿಜಯಪುರ ಎಲ್ಲ ಕಡೆಯೂ ಹೆಚ್ಚಾಗಿ ಇರುವುದು, ಎಚ್‌ಐವಿಯ ಎರಡು ಬಗೆಗಳಲ್ಲಿ ಮೊದಲನೆಯದಾದ ಎಚ್‌ಐವಿ-1ರ 'ಸಿ' ಉಪಪ್ರಕಾರವೇ. ಸರ್ಕಾರಿ ಎಆರ್‌ಟಿ ಕೇಂದ್ರಗಳು ಕೊಡುವ ಗುಳಿಗೆಯೂ ಸಾಮಾನ್ಯವಾಗಿ ಒಂದೇ: ಟೆನೊಫೋವಿರ್ 300, ಲ್ಯಾಮಿವುಡಿನ್ 300, ಡಾಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ದಿನಕ್ಕೊಂದು ಮಾತ್ರೆ.

ಹಾಗಂತ ತಳಿಗಳ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ವೈರಸ್ ತನ್ನ ವಂಶವಾಹಿಯ ಸುಮಾರು 9,700 ಅಕ್ಷರಗಳನ್ನು ನಕಲು ಮಾಡುವಾಗ ತಪ್ಪು ತಿದ್ದುವುದಿಲ್ಲ. ಒಬ್ಬರ ಮೈಯಲ್ಲೇ ಅಸಂಖ್ಯ ರೂಪಗಳಾಗುತ್ತವೆ. ಒಂದೇ ಜೀವಕೋಶಕ್ಕೆ ಎರಡು ತಳಿ ಹೊಕ್ಕರೆ ಬೆರಕೆಯೂ ಹುಟ್ಟುತ್ತದೆ. 'ಎ' ಮತ್ತು 'ಸಿ' ಬೆರೆತ ವೈರಸ್ ಪುಣೆಯ ಮಾದರಿಯಲ್ಲಿ ಸಿಕ್ಕಿದ್ದು 1999ರಲ್ಲೇ ವರದಿಯಾಗಿದೆ. ಆದರೆ ಹೆಚ್ಚು ಬದಲಾಗುವುದು ವೈರಸ್ಸಿನ ಹೊರಕವಚ. ನಿಮ್ಮ ಗುಳಿಗೆ ಹಿಡಿದು ನಿಲ್ಲಿಸುವುದು ಒಳಗಿನ ಕಿಣ್ವಗಳನ್ನು, ಅವು ಅಷ್ಟು ಬದಲಾಗುವುದಿಲ್ಲ. ತಳಿಗಳ ಕಾಟ ಲಸಿಕೆ ಮಾಡುವವರಿಗೆ ಹೆಚ್ಚು.

ನಿಮ್ಮ ವರದಿಯಲ್ಲಿ ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ: ಎಚ್‌ಐವಿ-1 ಎಂದಿದೆಯೋ, 2 ಎಂದಿದೆಯೋ. ಎರಡನೆಯದು ಪಶ್ಚಿಮ ಆಫ್ರಿಕದ ಮೂಲದ್ದು, ಭಾರತದಲ್ಲಿ ಮೊದಲು ವರದಿಯಾದದ್ದು 1991ರಲ್ಲಿ, ಮುಂಬಯಿಯಲ್ಲೇ. ಅಪರೂಪ, ಆದರೆ ಇದೆ. ನೆವಿರಪಿನ್, ಎಫಾವಿರೆಂಜ್ ಎಂಬ ಎಚ್‌ಐವಿ ಔಷಧಿಗಳು ಅದಕ್ಕೆ ನಾಟುವುದಿಲ್ಲ, ಡಾಲುಟೆಗ್ರಾವಿರ್ ನಾಟುತ್ತದೆ. ಇನ್ನೊಂದು ತೊಡಕಿದೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಮಾಮೂಲಿ ವೈರಲ್ ಲೋಡ್ ಪರೀಕ್ಷೆ ಎಣಿಸುವುದು ಎಚ್‌ಐವಿ-1 ಅನ್ನು ಮಾತ್ರ. 'ವೈರಸ್ ಕಾಣಲಿಲ್ಲ' ಎಂದು ವರದಿ ಬಂದೂ ಸಿಡಿ4 (ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ) ಇಳಿಯುತ್ತಲೇ ಇದ್ದರೆ, 2 ಇದೆಯೇ ಎಂದು ವೈದ್ಯರನ್ನು ಕೇಳಲೇಬೇಕು. ಎಚ್‌ಐವಿ ಪತ್ತೆಹಚ್ಚುವ ಕೆಲವು ಕಿಟ್‌ಗಳಲ್ಲಿ 1ಕ್ಕೊಂದು, 2ಕ್ಕೊಂದು ಬೇರೆ ಚುಕ್ಕೆ ಮೂಡುತ್ತದೆ. ಎರಡೂ ಮೂಡಿದ ಮಾತ್ರಕ್ಕೆ ಎರಡೂ ಇವೆ ಎಂದಲ್ಲ, ಒಂದರ ಪ್ರತಿಕಾಯ ಇನ್ನೊಂದರ ಚುಕ್ಕೆಗೂ ಅಂಟಬಲ್ಲದು. ಅದನ್ನು ತೀರ್ಮಾನಿಸಬೇಕಾದ್ದು ರೆಫರೆನ್ಸ್ ಲ್ಯಾಬ್.

ಹೊರಡುವ ಮೊದಲು ನಿಮ್ಮ ಕೇಂದ್ರದಲ್ಲಿ ವರ್ಗಾವಣೆ ಪತ್ರ ಕೇಳಿ ಪಡೆಯಿರಿ. ಎಆರ್‌ಟಿ ಪುಸ್ತಕ, ಕೊನೆಯ ವೈರಲ್ ಲೋಡ್ ಮತ್ತು ಸಿಡಿ4 ವರದಿ, ಮುಂಚೆ ಬೇರೆ ಗುಳಿಗೆ ತಗೊಂಡಿದ್ದರೆ ಅದರ ಹೆಸರು ಜೊತೆಗಿರಲಿ. ಕೈಯಲ್ಲಿ ಒಂದು ತಿಂಗಳ ಗುಳಿಗೆ ಇಟ್ಟುಕೊಂಡೇ ರೈಲು ಹತ್ತಿ. ನಮಗೆ ಭಯವಿರುವುದು ಈ ನಡುವಿನ ಖಾಲಿ ದಿನಗಳ ಬಗ್ಗೆ: ರಕ್ತದಲ್ಲಿ ಔಷಧಿ ಅರೆಬರೆ ಉಳಿದಾಗ ವೈರಸ್ ಮತ್ತೆ ನಕಲಾಗತೊಡಗುತ್ತದೆ. ಲ್ಯಾಮಿವುಡಿನ್‌ಗೆ ಜಗ್ಗದಂತಾಗಲು ಅದಕ್ಕೆ ಒಂದೇ ಒಂದು ಅಕ್ಷರ ಬದಲಾದರೆ ಸಾಕು. ವಿಜಯಪುರದಲ್ಲಿ ವೈರಲ್ ಲೋಡ್ ಮಿಲಿಲೀಟರಿಗೆ 1,000 ದಾಟಿ ಬಂದರೆ, ತಪ್ಪಿದ ಗುಳಿಗೆಗಳ ಲೆಕ್ಕ ಮುಚ್ಚಿಡದೆ ಹೇಳಿ. ಗುಳಿಗೆ ಬದಲಿಸಬೇಕೋ ಬೇಡವೋ ಎಂಬುದು ಆ ಲೆಕ್ಕದ ಮೇಲೂ ನಿಂತಿದೆ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.