ವಸಡಿನ ಅಂಕ 1.8 ಎಂದರೆ ರೋಗ ಎಷ್ಟು ತೀವ್ರ?

ಪ್ರಶ್ನೆ: ಹಲ್ಲುಜ್ಜುವಾಗ ರಕ್ತ ಬರುತ್ತಿದ್ದುದರಿಂದ ಬಾಗಲಕೋಟೆಯ ದಂತವೈದ್ಯರಲ್ಲಿ ತೋರಿಸಿದೆ. ಚೀಟಿಯಲ್ಲಿ ‘ಜಿಂಜೈವಲ್ ಇಂಡೆಕ್ಸ್ 1.8’ ಎಂದಿದೆ. ಇದು ಗಂಭೀರವೇ? (ಮುಧೋಳದ ಓದುಗರು)

ಉತ್ತರ: ಇದು ಮಧ್ಯಮ ಪ್ರಮಾಣದ ಉರಿಯೂತ. 1963ರಲ್ಲಿ ದಂತ ಸಂಶೋಧಕರಾದ ಲೋ ಮತ್ತು ಸಿಲ್ನೆಸ್ ರೂಪಿಸಿದ ಈ ಸೂಚ್ಯಂಕದಲ್ಲಿ ಸಾಮಾನ್ಯವಾಗಿ ಆರು ಗೊತ್ತಾದ ಹಲ್ಲುಗಳನ್ನು ಆರಿಸಿಕೊಂಡು, ಪ್ರತಿಯೊಂದರ ಸುತ್ತಲಿನ ವಸಡನ್ನು ನಾಲ್ಕು ಕಡೆ ಪರೀಕ್ಷಿಸಿ, ಒಂದೊಂದು ಕಡೆಗೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ವಸಡು ಆರೋಗ್ಯವಾಗಿದ್ದರೆ 0. ಬಣ್ಣ ತುಸು ಬದಲಾಗಿ ಸ್ವಲ್ಪ ಊದಿದ್ದು, ವೈದ್ಯರು ಪರೀಕ್ಷೆಯ ಸಪೂರ ಕಡ್ಡಿ ಆಡಿಸಿದರೂ ರಕ್ತ ಬಾರದಿದ್ದರೆ 1. ಕೆಂಪಾಗಿ ಊದಿ ಹೊಳೆಯುತ್ತ, ಕಡ್ಡಿ ತಾಗಿದಾಗ ರಕ್ತ ಬಂದರೆ 2. ಹುಣ್ಣಾಗಿ ತಾನಾಗಿಯೇ ರಕ್ತ ಒಸರುವಂತಿದ್ದರೆ 3. ನಿಮ್ಮ 24 ಜಾಗಗಳ ಅಂಕಗಳ ಮೊತ್ತ 43 ಆಗಿದ್ದರೆ ಸರಾಸರಿ ಸುಮಾರು 1.8 ಬರುತ್ತದೆ. 1ರವರೆಗೆ ಸೌಮ್ಯ, 1.1ರಿಂದ 2ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಆದರೆ ಈ ಅಂಕವೊಂದನ್ನೇ ನಂಬಿ ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಇಂದಿನ ಉರಿಯೂತವನ್ನು ಹೇಳುತ್ತದೆಯೇ ಹೊರತು, ಹಲ್ಲನ್ನು ಹಿಡಿದಿರುವ ಎಲುಬು ಈಗಾಗಲೇ ಎಷ್ಟು ಸವೆದಿದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಮಿಲಿಮೀಟರ್ ಗುರುತುಗಳಿರುವ ಸಪೂರ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ಸಂದಿಗೆ ಮೆಲ್ಲಗೆ ಇಳಿಸಿ ಆಳ ನೋಡಬೇಕು, ವಸಡು ಎಷ್ಟು ಕೆಳಗಿಳಿದಿದೆ ಎಂಬುದನ್ನೂ ಅಳೆಯಬೇಕು, ಅಗತ್ಯವಿದ್ದರೆ ಎಕ್ಸ್‌ರೇ ತೆಗೆಸಬೇಕು. ಆಳ 3 ಮಿ.ಮೀ.ವರೆಗೆ ಇದ್ದರೆ ಸಾಮಾನ್ಯ. 4 ಮತ್ತು ಅದಕ್ಕೂ ಹೆಚ್ಚಾದರೆ ಗಮನ ಬೇಕು.

ಬೀಡಿ, ಸಿಗರೇಟು ಸೇದುವವರ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿಯೂ ಸೇರಿದಂತೆ ನಮ್ಮ ಭಾಗದಲ್ಲಿ ಈ ಚಟ ಹೊಸದಲ್ಲ. ಧೂಮಪಾನಿಗಳ ವಸಡಿನಲ್ಲಿ ರಕ್ತಸ್ರಾವ ಕಡಿಮೆ ಕಾಣುವುದರಿಂದ, ಒಳಗೆ ಎಲುಬು ಕರಗುತ್ತಿದ್ದರೂ ಅಂಕ ಕಡಿಮೆಯೇ ಬರಬಹುದು. ಸಕ್ಕರೆ ಕಾಯಿಲೆಯಿದ್ದು ಅದು ಹತೋಟಿಯಲ್ಲಿಲ್ಲದಿದ್ದರೆ ರೋಗ ಬೇಗ ಬಲಿಯುತ್ತದೆ. ಆದ್ದರಿಂದ ವೈದ್ಯರಿಗೆ ಅದನ್ನು ಮುಚ್ಚಿಡಬೇಡಿ.

ಸಮಾಧಾನದ ಸಂಗತಿಯೆಂದರೆ, ಎಲುಬಿಗೆ ಹಾನಿಯಾಗದ ಉರಿಯೂತ ಪೂರ್ತಿ ಇಳಿಯುತ್ತದೆ. 1965ರ ಪ್ರಸಿದ್ಧ ಪ್ರಯೋಗದಲ್ಲಿ ಹಲ್ಲುಜ್ಜುವುದನ್ನು ನಿಲ್ಲಿಸಿದ ಆರೋಗ್ಯವಂತರಿಗೆ 10ರಿಂದ 21 ದಿನಗಳಲ್ಲಿ ವಸಡು ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಅದು ಸರಿಹೋಯಿತು. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡಬೇಡಿ. ಹಲ್ಲಿಗೆ ಅಂಟಿ ಗಟ್ಟಿಯಾದ ಕಿಟ್ಟ ತೆಗೆಸಿಕೊಂಡು, ವೈದ್ಯರು ಹೇಳಿದ ಅವಧಿಯ ನಂತರ ಅದೇ ಹಲ್ಲುಗಳ ಅಂಕವನ್ನೂ ಸಂದಿಯ ಆಳವನ್ನೂ ಮತ್ತೆ ಬರೆಸಿಕೊಂಡು, ಹಳೆಯ ಚೀಟಿಯ ಜೊತೆ ಹೋಲಿಸಿ ನೋಡಿ.