ಪಕ್ಕದ ಸೈಟಿಗೆ ಜೆಸಿಬಿ ಬಿಡುವ ಮುಂಚೆ

ಕಳೆದ ಮಳೆಗಾಲ ಮುಗಿದ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ನನ್ನ ವಕೀಲಿ ಆಫೀಸಿಗೆ ಬಂದರು. ತುಮಕೂರಿನ ಕ್ಯಾತಸಂದ್ರದ ಕಡೆ ಮನೆ. ಪಕ್ಕದ ಸೈಟು ಬೆಂಗಳೂರಿನವರದು, ತಗೊಂಡು ಹತ್ತು ವರ್ಷವಾದರೂ ಈ ಕಡೆ ತಲೆ ಹಾಕಿಲ್ಲ. ಪಾರ್ಥೇನಿಯಂ ಎದೆಮಟ್ಟ, ಅದರ ನಡುವೆ ಬಳ್ಳಾರಿ ಜಾಲಿ, ಯಾರೋ ಎಸೆದ ಟೈರುಗಳಲ್ಲಿ ನೀರು. ಒಂದು ಸಂಜೆ ಮೊಮ್ಮಗಳು ಆಡುವ ಅಂಗಳಕ್ಕೇ ಕೊಳಕುಮಂಡಲ ಬಂದುಬಿಟ್ಟಿತು. ಎರಡು ವರ್ಷ ಫೋನ್ ಮಾಡಿ ಸಾಕಾಗಿದ್ದ ಮೇಷ್ಟ್ರು ಮಾರನೇ ದಿನವೇ ಸ್ವಂತ ದುಡ್ಡಲ್ಲಿ ಜೆಸಿಬಿ ತರಿಸಿ ಸೈಟು ಬಯಲು ಮಾಡಿಸಿದರು. ಜಾಲಿ ಬುಡದ ಜೊತೆ ಮೂಲೆ ಕಲ್ಲೂ ಎದ್ದು ಬಂತು.

ಹತ್ತು ವರ್ಷ ಬಾರದಿದ್ದ ಮಾಲೀಕರು ಆ ವಾರವೇ ಬಂದರು. ಕಲ್ಲು ಕಿತ್ತು ಒತ್ತುವರಿಗೆ ನೋಡಿದ್ದಾರೆ ಅಂತ ಪೊಲೀಸರಿಗೆ ದೂರು ಕೊಟ್ಟರು.

ಇಂಥವರು ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ, ಎಲ್ಲರೂ ಒಳ್ಳೆಯ ಜನ. ಅದಕ್ಕೇ ನನಗೆ ಸಂಕಟ ಜಾಸ್ತಿ. "ಸಾರ್, ನಾನು ಒಳ್ಳೇದೇ ಮಾಡಿದ್ದು ಅಲ್ವಾ?" ಅಂತಾರೆ. ಹೌದು. ಆದರೆ ಕಸ ಅವರದಾದರೆ ಜಾಗವೂ ಅವರದೇ. ಕ್ಲೀನ್ ಮಾಡುವುದಕ್ಕೇ ಆದರೂ ಕೇಳದೆ ಒಳಗೆ ಹೋದರೆ ನೀವೇ ಉತ್ತರ ಕೊಡಬೇಕಾಗುತ್ತದೆ. ಬೆಂಕಿ ಹಚ್ಚಿದರಂತೂ ಇನ್ನೂ ಕಷ್ಟ.

"ಫೋನಲ್ಲಿ ಮಾಡಿಸಿಕೊಳ್ಳಿ ಅಂದಿದ್ದರು" ಅನ್ನುವುದು ಇನ್ನೊಂದು ಮಾತು. ಫೋನಲ್ಲಿ ಅಂದಿದ್ದು ಗಾಳಿಗೆ ಹೋಯ್ತು. ಬರಹದಲ್ಲಿ ತಗೊಳ್ಳಿ. ದೊಡ್ಡ ಕರಾರು ಬೇಡ, ವಾಟ್ಸಾಪ್‌ನಲ್ಲಿ "ಕ್ಲೀನ್ ಮಾಡಿಸಿ, ನನ್ನ ಅಭ್ಯಂತರ ಇಲ್ಲ" ಅಂತ ಒಂದು ಸಾಲು ಸಾಕು. ಫೋನಲ್ಲಿ ಹೂಂ ಅಂದರೆ, ಇಟ್ಟ ತಕ್ಷಣ "ನೀವು ಈಗ ಹೇಳಿದ ಹಾಗೆ ಭಾನುವಾರ ಕ್ಲೀನ್ ಮಾಡಿಸುತ್ತೇನೆ" ಅಂತ ನೀವೇ ಮೆಸೇಜ್ ಹಾಕಿ, ಅವರ ಉತ್ತರ ಬರುವವರೆಗೆ ಕಾಯಿರಿ. ಆಮೇಲೆ ನಾಲ್ಕು ಮೂಲೆ ಕಲ್ಲಿನ ಫೋಟೋ ತೆಗೆದು, ಆಮೇಲೆ ಆಳು ಕರೆಸಿ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಹೋಗಿ ಜೆಸಿಬಿಯವನಿಗೇ ಮೊದಲು ಫೋನ್ ಮಾಡುತ್ತಾರೆ!

ಮರದ ಕೊಂಬೆ ನಿಮ್ಮ ಕಡೆ ಚಾಚಿದ್ದರೆ ನಿಮ್ಮ ಜಾಗದಲ್ಲೇ ನಿಂತು ಗಡಿವರೆಗೆ ಮಾತ್ರ ಸವರಬಹುದು, ಬುಡಕ್ಕೆ ಕೈ ಹಾಕಬೇಡಿ. ಮತ್ತೆ, 12 ವರ್ಷ ನಾವೇ ನೋಡಿಕೊಂಡರೆ ಸೈಟು ನಮ್ಮದಾಗುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ಕಳೆ ಕಿತ್ತ ಮಾತ್ರಕ್ಕೆ ಸ್ವಾಧೀನ ಸಿಗುವುದಿಲ್ಲ.

ಮಾಲೀಕರು ಜಪ್ಪಯ್ಯ ಅನ್ನದಿದ್ದರೆ? ತುಮಕೂರಾದರೆ ಪಾಲಿಕೆಗೆ, ಬೇರೆ ಊರಾದರೆ ನಗರಸಭೆಗೋ ಪಂಚಾಯ್ತಿಗೋ ಬರೆದು ಕೊಡಿ. ಕೌಂಟರಿನಲ್ಲಿ ಹೇಳಿ ಬಂದಿದ್ದು ದೂರಲ್ಲ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಿಂತ ನೀರಿದ್ದರೆ ಮೊದಲ ಸಾಲಲ್ಲೇ ಬರೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರುವುದಕ್ಕೆ 7ರಿಂದ 10 ದಿನ ಸಾಕು, ಆರೋಗ್ಯ ನಿರೀಕ್ಷಕರಿಗೆ ಅದು ಬೇಗ ಅರ್ಥವಾಗುತ್ತದೆ. ಮಾಲೀಕರು ಯಾರೆಂದೇ ಗೊತ್ತಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಸಿ, ಅಂದರೆ ಸೈಟಿನ ಋಣಭಾರ ಪತ್ರ ತೆಗೆಸಿ.

ಬೀಳುವ ಹಾಗಿರುವ ಗೋಡೆ, ಒರಗಿದ ಮರ, ಬೇಲಿಯಿಲ್ಲದ ಬಾವಿ ಬೇರೆ ವಿಷಯ, ಅಲ್ಲಿ ಜೀವ ಹೋಗಬಹುದು. ಅಂಥದ್ದಕ್ಕೆ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಆದರೆ ತೊಂದರೆ ಬೀದಿಯವರಿಗೆಲ್ಲ ಆಗುತ್ತಿರಬೇಕು. ನಿಮ್ಮೊಬ್ಬರ ಗೋಡೆಗೆ ತೇವ ಬಂದಿದ್ದರೆ ಅದು ಸಿವಿಲ್ ಕೋರ್ಟಿನ ವಿಷಯ, ಮತ್ತೆ ಪ್ರತಿ ಕೇಸೂ ಬೇರೆ ಬೇರೆ. ಕಾಗದ ಪತ್ರ ನೋಡದೆ ನಾನಂತೂ ಏನೂ ಹೇಳುವುದಿಲ್ಲ.

ಮೇಷ್ಟ್ರ ವಿಷಯ ರಾಜಿಯಲ್ಲಿ ಮುಗಿಯಿತು. ಸರ್ವೆಯವರನ್ನು ಕರೆಸಿ ಕಲ್ಲು ನೆಡಿಸಿದೆವು, ಖರ್ಚು ಮೇಷ್ಟ್ರದ್ದೇ. ಆ ದಿನ ಮಾಲೀಕರು ಅಂಗಳದಲ್ಲಿ ಕಾಫಿ ಕುಡಿಯುತ್ತಾ, ಹಾವು ಬಂದ ಜಾಗ ಯಾವುದು ಅಂತ ಮಗುವನ್ನೇ ಕೇಳಿದರು. ಮಗು ಅವರ ಕುರ್ಚಿ ಕೆಳಗೆ ಕೈ ತೋರಿಸಿತು. ವರ್ಷಕ್ಕೆ ಎರಡು ಸಲ ಕ್ಲೀನ್ ಮಾಡಿಸುತ್ತೇನೆ ಅಂತ ಅಲ್ಲೇ ಬರೆದುಕೊಟ್ಟು ಹೋದರು.